ಮರೆಯಲ್ಲಿ ನಿಂತು ತೀರ್ಪು ನೀಡುವುದು ನ್ಯಾಯವೇ?

ನಮ್ಮ ಕೋಲಾರ ಜಿಲ್ಲೆಯ ಗಣಿಯು ಚಿನ್ನವನ್ನಷ್ಟೇ ಅಲ್ಲದೆ ಜ್ಞಾನವನ್ನೂ ಕೊಟ್ಟಿದೆ. 1965ರಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ, ಜಪಾನಿನ ಒಸಾಕಾ ಮತ್ತು ಇಂಗ್ಲೆಂಡಿನ ಡರಮ್ ನಗರಗಳ ವಿಜ್ಞಾನಿಗಳು ಇಲ್ಲಿ ನೆಲದಿಂದ ಸುಮಾರು 2.3 ಕಿಲೋಮೀಟರ್ ಆಳದಲ್ಲಿ, ವಾಯುಮಂಡಲದಲ್ಲಿ ಹುಟ್ಟಿದ ನ್ಯೂಟ್ರಿನೋ ಕಣಗಳ ಕುರುಹನ್ನು ಕಂಡರು. ಅದೇ ಕಾಲದಲ್ಲಿ ದಕ್ಷಿಣ ಆಫ್ರಿಕದ ಗಣಿಯೊಂದರಲ್ಲಿ ಫ್ರೆಡರಿಕ್ ರೈನ್ಸ್ ಅವರ ತಂಡವೂ ಇದನ್ನೇ ಅರಸುತ್ತಿತ್ತು. ಕೋಲಾರದ ಪ್ರಬಂಧವು ಜುಲೈ 12ರಂದು ‘ಫಿಸಿಕ್ಸ್ ಲೆಟರ್ಸ್’ ಪತ್ರಿಕೆಯನ್ನು ತಲುಪಿ ಆಗಸ್ಟ್ 15ರಂದು ಪ್ರಕಟವಾಯಿತು; ರೈನ್ಸ್ ತಂಡದ್ದು ಜುಲೈ 26ರಂದು ಬೇರೊಂದು ಪತ್ರಿಕೆಯನ್ನು ತಲುಪಿ ಆಗಸ್ಟ್ 30ರಂದು ಪ್ರಕಟವಾಯಿತು. ತಾರೀಖುಗಳು ಅಚ್ಚಾಗಿರುವುದರಿಂದ ಮೊದಲು ಪ್ರಕಟಿಸಿದವರು ಯಾರೆಂಬ ವಿವಾದಕ್ಕೆ ಎಡೆಯಿಲ್ಲ. ತಾರೀಖನ್ನು ಇಷ್ಟು ನಿಷ್ಠೆಯಿಂದ ದಾಖಲಿಸುವ ವಿದ್ವತ್ ಪ್ರಪಂಚವು, ಆ ತಾರೀಖುಗಳ ನಡುವೆ ನಡೆಯುವ ಪ್ರಶ್ನೋತ್ತರವನ್ನು ಮಾತ್ರ ಬಹುಕಾಲ ಮುಚ್ಚಿಟ್ಟಿತೇಕೆ?

ಸಂಶೋಧನಾ ಪತ್ರಿಕೆಗೆ ಬಂದ ಪ್ರಬಂಧವನ್ನು ಸಂಪಾದಕರು ಅದೇ ಶಾಸ್ತ್ರದ ವಿದ್ವಾಂಸರ ಪರಿಶೀಲನೆಗೆ ಕಳುಹಿಸುತ್ತಾರೆ. ಲೇಖಕನ ಹೆಸರು ಪರಿಶೀಲಕನಿಗೆ ಸಾಮಾನ್ಯವಾಗಿ ತಿಳಿದಿರುತ್ತದೆ. ಪರಿಶೀಲಕನ ಹೆಸರು ಲೇಖಕನಿಗೆ ತಿಳಿಯದು. “ಹೊಸತೇನೂ ಇಲ್ಲ” ಎಂಬ ಒಂದೇ ಸಾಲಿನಲ್ಲಿ ವರ್ಷಗಳ ದುಡಿಮೆಯನ್ನು ತಳ್ಳಿಹಾಕಬಹುದು. ಇದು ವ್ಯಾಪಾರದಲ್ಲಿಯೂ ಸಲ್ಲದ ನಡತೆ. ಶ್ರೀನಿವಾಸಪುರದ ಮಾವಿನ ಮಂಡಿಯಲ್ಲಿ ಹಣ್ಣು ಕೆಟ್ಟಿದೆ ಎನ್ನುವವನು ರೈತನ ಮುಂದೆ ಬುಟ್ಟಿ ತೆರೆದು ತೋರಿಸಬೇಕು. ನಮ್ಮ ಲೆಕ್ಕಪತ್ರದಲ್ಲಿ ದೋಷ ಕಾಣುವ ಲೆಕ್ಕಪರಿಶೋಧಕನು ವರದಿಗೆ ಸಹಿ ಹಾಕುತ್ತಾನೆ. ಹಣದ ಲೆಕ್ಕಕ್ಕೆ ಇರುವ ಮರ್ಯಾದೆ ಜ್ಞಾನದ ಲೆಕ್ಕಕ್ಕೆ ಬೇಡವೇ?

1936ರಲ್ಲಿ ಐನ್‌ಸ್ಟೈನ್ ಮತ್ತು ನೇಥನ್ ರೋಸೆನ್ ಅವರು, ಗುರುತ್ವದ ಅಲೆಗಳು ಇಲ್ಲವೆಂದು ವಾದಿಸುವ ಪ್ರಬಂಧವನ್ನು ‘ಫಿಸಿಕಲ್ ರಿವ್ಯೂ’ ಪತ್ರಿಕೆಗೆ ಕಳುಹಿಸಿದರು. ಹೆಸರಿಲ್ಲದ ಪರಿಶೀಲಕರ ಆಕ್ಷೇಪಣೆ ಕೈಸೇರಿದಾಗ ಐನ್‌ಸ್ಟೈನ್ ಕೋಪಗೊಂಡು ಪ್ರಬಂಧವನ್ನೇ ಹಿಂತೆಗೆದುಕೊಂಡರು. ಆ ಪರಿಶೀಲಕರು ಎಚ್. ಪಿ. ರಾಬರ್ಟ್‌ಸನ್. ಮುಂದೆ ಪ್ರಿನ್ಸ್‌ಟನ್ನಿನಲ್ಲಿ ಅವರು ಐನ್‌ಸ್ಟೈನರ ಸಹಾಯಕ ಇನ್‌ಫೆಲ್ಡರೊಡನೆ ಮಾತಿಗೆ ಕುಳಿತು ದೋಷವನ್ನು ವಿವರಿಸಿದರು. 1937ರಲ್ಲಿ ಪ್ರಬಂಧವು ತನ್ನ ತೀರ್ಮಾನವನ್ನು ಬದಲಿಸಿಕೊಂಡು ಬೇರೆ ಪತ್ರಿಕೆಯಲ್ಲಿ ಬೆಳಕು ಕಂಡಿತು. ಆಕ್ಷೇಪಣೆ ಅದೇ ಆಗಿತ್ತು. ಮುಖವಿಲ್ಲದ ಕಾಗದವು ಕೆರಳಿಸಿತು; ಎದುರುಬದುರಿನ ಮಾತು ವಿಚಾರಕ್ಕೆ ದಾರಿ ತೆರೆಯಿತು.

ಹೆಸರು ಬಯಲಾದರೆ ಕಿರಿಯರು ಹಿರಿಯರ ತಪ್ಪನ್ನು ಹೇಳಲು ಅಂಜುವರೆಂದು ಕೆಲವರು ವಾದಿಸುತ್ತಾರೆ. ಈ ಅಂಜಿಕೆ ನಿರಾಧಾರವಲ್ಲ. 1999ರಲ್ಲಿ ಬ್ರಿಟನ್ನಿನ ವೈದ್ಯಕೀಯ ಪತ್ರಿಕೆ ‘ಬಿಎಂಜೆ’ ಪ್ರಕಟಿಸಿದ ಪ್ರಯೋಗದಲ್ಲಿ, ಹೆಸರು ತಿಳಿಸಬೇಕೆಂದಾಗ ಪರಿಶೀಲನೆಗೆ ಒಲ್ಲೆನೆಂದವರು ಶೇಕಡಾ 35. ತಿಳಿಸಬೇಕಿಲ್ಲವೆಂದಾಗ ಶೇಕಡಾ 23. ಆದರೆ ಒಪ್ಪಿದವರ ಪರಿಶೀಲನೆಯ ಗುಣಮಟ್ಟವೇನೂ ಕುಗ್ಗಲಿಲ್ಲ. ಆದುದರಿಂದ ಅಂಜುವವರ ಹೆಸರು ಮರೆಯಲ್ಲಿರಲಿ, ಕಾರಣವು ಮರೆಯಲ್ಲಿರಕೂಡದು. ‘ನೇಚರ್’ ಪತ್ರಿಕೆಯು 2025ರ ಜೂನ್‌ನಿಂದ, ಹೊಸದಾಗಿ ಸಲ್ಲಿಕೆಯಾಗಿ ಪ್ರಕಟವಾಗುವ ಸಂಶೋಧನಾ ಪ್ರಬಂಧಗಳೊಡನೆ ಪರಿಶೀಲಕರ ವರದಿಗಳನ್ನೂ ಲೇಖಕರ ಉತ್ತರಗಳನ್ನೂ ಪ್ರಕಟಿಸುವ ನಿಯಮ ಮಾಡಿದೆ. ಪರಿಶೀಲಕರು ಇಚ್ಛಿಸಿದರೆ ಹೆಸರನ್ನು ಗುಪ್ತವಾಗಿರಿಸಬಹುದು. ಹೆಸರಿಲ್ಲದೆಯೂ ಹೊಣೆಗಾರಿಕೆ ಸಾಧ್ಯವೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಇದು ದೂರದ ವಿಜ್ಞಾನಿಗಳ ವಿಷಯವೆಂದು ನಾವು ಸುಮ್ಮನಿರುವಂತಿಲ್ಲ. ಮಾಲೂರು, ಮುಳಬಾಗಿಲುಗಳ ಮನೆಗಳ ಮಕ್ಕಳೂ ಸಂಶೋಧನೆಗೆ ಹೊರಡುವ ಕಾಲವಿದು. ನಮ್ಮ ಟ್ರಸ್ಟುಗಳೂ ಗ್ರಂಥಗಳನ್ನು ಅಚ್ಚು ಹಾಕಿಸುತ್ತವೆ, ವಿದ್ಯಾರ್ಥಿವೇತನ ನೀಡುತ್ತವೆ. ಹಸ್ತಪ್ರತಿಯನ್ನು ವಿದ್ವಾಂಸರಿಗೆ ತೋರಿಸಿ, ಅವರು ಬೇಡವೆಂದರೆ “ಸಮಿತಿ ಒಪ್ಪಲಿಲ್ಲ” ಎಂಬ ಎರಡು ಮಾತಿನ ಪತ್ರ ಬರೆಯುವುದು ಧರ್ಮವಲ್ಲ. ಪರಿಶೀಲಕರು ದೋಷವಿರುವ ಪುಟವನ್ನೂ ಅದಕ್ಕೆ ಆಧಾರವನ್ನೂ ಬರೆದು ಕೊಡಲಿ. ಆ ಬರಹವು ಲೇಖಕನ ಕೈಸೇರಲಿ. ಅವನು ಉತ್ತರಿಸಲು ಒಂದು ತಿಂಗಳ ಅವಕಾಶವಿರಲಿ. ಉತ್ತರವನ್ನು ಓದಿದ ನಂತರವೇ ಸಮಿತಿ ನಿರ್ಧರಿಸಲಿ. ಇದಕ್ಕೆ ತಗಲುವ ಖರ್ಚು ಕೆಲವು ಅಂಚೆ ಚೀಟಿಗಳಷ್ಟೇ. ಇಷ್ಟನ್ನೂ ಮಾಡದ ಸಮಿತಿಗೆ ಒಬ್ಬರ ದುಡಿಮೆಯನ್ನು ತಳ್ಳಿಹಾಕುವ ಅಧಿಕಾರವಿಲ್ಲ.