ಕರ್ಫ್ಯೂ: ಒಲೆಯ ಬಳಿ ಹುಟ್ಟಿದ ಪದ

‘ಕರ್ಫ್ಯೂ’ ಎಂಬ ಪದವನ್ನು ಕೇಳದವರು ವಿರಳ. ಖಾಲಿ ರಸ್ತೆ, ಮುಚ್ಚಿದ ಅಂಗಡಿ, ಗಸ್ತು ತಿರುಗುವ ಪೊಲೀಸರು ಕಣ್ಣ ಮುಂದೆ ಬರುತ್ತಾರೆ. ಆದರೆ ಈ ಪದ ಹುಟ್ಟಿದ್ದು ಠಾಣೆಯಲ್ಲಲ್ಲ, ಒಲೆಯ ಬಳಿ!

ಹಳೆಯ ಫ್ರೆಂಚ್ ಭಾಷೆಯ ‘ಮುಚ್ಚು’ ಮತ್ತು ‘ಬೆಂಕಿ’ ಎಂಬ ಅರ್ಥದ ಎರಡು ಪದಗಳು ಸೇರಿ ಕರ್ಫ್ಯೂ ಆಯಿತು. ಮಧ್ಯಯುಗದ ಯುರೋಪಿನಲ್ಲಿ ಹೆಚ್ಚಿನ ಮನೆಗಳು ಮರದವು, ಹಲವಕ್ಕೆ ಹುಲ್ಲಿನ ಸೂರು. ಒಂದು ಕಿಡಿ ಹಾರಿದರೆ ಕೇರಿಯೇ ಉರಿಯುತ್ತಿತ್ತು. 1666ರಲ್ಲಿ ಲಂಡನ್ನಿನ ಒಂದು ಬೇಕರಿಯಲ್ಲಿ ಹೊತ್ತಿದ ಬೆಂಕಿ 13,000ಕ್ಕೂ ಹೆಚ್ಚು ಮನೆಗಳನ್ನು ಸುಟ್ಟಿತು. ಇಂಥ ಬೆಂಕಿಯ ಭಯದಿಂದಲೇ ಮಧ್ಯಯುಗದಲ್ಲೇ ರಾತ್ರಿ ಗಂಟೆ ಬಾರಿಸಿದೊಡನೆ ಎಲ್ಲರೂ ಬೆಂಕಿ ಮುಚ್ಚಬೇಕೆಂಬ ಕಟ್ಟಳೆ ಬಂತು.

ಕ್ರಮೇಣ ಬೆಂಕಿಗೆ ಹಾಕಿದ ಕಟ್ಟಳೆ ಮನುಷ್ಯರಿಗೂ ಅಂಟಿತು. ಆಕ್ಸ್‌ಫರ್ಡಿನ ಕ್ರೈಸ್ಟ್ ಚರ್ಚ್ ಕಾಲೇಜಿನ ‘ಗ್ರೇಟ್ ಟಾಮ್’ ಗಂಟೆ ರಾತ್ರಿ 9.05ಕ್ಕೆ 101 ಬಾರಿ ಬಾರಿಸುತ್ತದೆ. ಹಿಂದೆ ಅದು ವಿದ್ಯಾರ್ಥಿಗಳು ಒಳಗೆ ಸೇರಬೇಕಾದ ಹೊತ್ತಿನ ಸೂಚನೆಯಾಗಿತ್ತು. 2020ರ ಮಾರ್ಚ್ 22ರಂದು ಭಾರತದಲ್ಲಿ ‘ಜನತಾ ಕರ್ಫ್ಯೂ’ ನಡೆಯಿತು. ಅದೇ ದಿನ ಸಂಜೆ ಕುವೈತ್‌ನಲ್ಲೂ ಕರ್ಫ್ಯೂ ಆರಂಭವಾಯಿತು. ಆಗ ಮುಚ್ಚಬೇಕಾಗಿದ್ದ ‘ಬೆಂಕಿ’ ಕೊರೋನಾ.

ಇಲ್ಲೊಂದು ಸೂಕ್ಷ್ಮವಿದೆ. ಮುಚ್ಚುವುದು ಬೇರೆ, ಆರಿಸುವುದು ಬೇರೆ. ನಮ್ಮ ಹಳ್ಳಿಗಳಲ್ಲಿ ಅಜ್ಜಿಯರು ರಾತ್ರಿ ಕೆಂಡದ ಮೇಲೆ ಬೂದಿ ಎಳೆದು ಮಲಗುತ್ತಿದ್ದರು. ಬೆಳಿಗ್ಗೆ ಬೂದಿ ಸರಿಸಿ ಊದುಗೊಳವೆಯಲ್ಲಿ ಊದಿದರೆ ಒಲೆ ಮತ್ತೆ ಉರಿಯುತ್ತಿತ್ತು. ಮನೆ ಸುಡಬಾರದು, ಬೆಂಕಿಯೂ ಸಾಯಬಾರದು. ಒಳ್ಳೆಯ ನಿರ್ಬಂಧವೆಂದರೆ ಇದೇ ಎಂದು ನನ್ನ ಅಭಿಪ್ರಾಯ.

ಪಾಲಕರೇ, ‘ಒಂಬತ್ತರ ನಂತರ ಮೊಬೈಲ್ ಬೇಡ’, ‘ಕತ್ತಲಾಗುವ ಮುನ್ನ ಮನೆಗೆ ಬಾ’ ಎನ್ನುವುದು ತಪ್ಪಲ್ಲ. ಆದರೆ ಕಾರಣವನ್ನೂ ಹೇಳೋಣ. ಕಾರಣ ಹೇಳದೆ ಹಾಕಿದ ನಿಯಮದಿಂದ ಮಕ್ಕಳ ಮನಸ್ಸಿನಲ್ಲಿ ಅಸಮಾಧಾನ ‘ಬೂದಿ ಮುಚ್ಚಿದ ಕೆಂಡ’ದಂತೆ ಉಳಿಯುತ್ತದೆ. ಮಗು ಬೆಳೆದಂತೆ ನಿಯಮವೂ ಸಡಿಲವಾಗಲಿ. ಬೆಳಗಾದ ಮೇಲೂ ಒಲೆಯನ್ನು ಮುಚ್ಚಿಟ್ಟರೆ ಅಡುಗೆಯಾಗುವುದು ಹೇಗೆ?

ಮಕ್ಕಳೇ, ನೀವೂ ಅಷ್ಟೇ. ಯಾರಾದರೂ ‘ಬೇಡ’ ಎಂದಾಗ ಮುಖ ಊದಿಸಿಕೊಳ್ಳುವ ಮೊದಲು ‘ಏಕೆ?’ ಎಂದು ವಿನಯದಿಂದ ಕೇಳಿ. ನಿಮ್ಮೊಳಗಿನ ಉತ್ಸಾಹದ ಬೆಂಕಿ ನಾಳೆಗೂ ಬೇಕು. ಅದನ್ನು ಕಾಯುವ ಕೆಲಸ ಹಿರಿಯರದಷ್ಟೇ ಅಲ್ಲ, ನಿಮ್ಮದೂ ಹೌದು.