ಏಜೆಂಟ್ ಆಗುವುದು ಸುಲಭ. ಆದರೆ ಯಾರ ಏಜೆಂಟ್?

ಕೊಳ್ಳೇಗಾಲದಲ್ಲಿ ಬಿ.ಕಾಂ. ಮುಗಿಸಿ ಹನೂರಿಗೆ ಮರಳಿದ ಹುಡುಗರ ಮನೆಗಳಲ್ಲಿ ಇಂಥ ಮಾತು ಅಪರೂಪವೇನಲ್ಲ. ಬ್ಯಾಂಕ್ ಪರೀಕ್ಷೆ ಎರಡು ಸಲ ಕೈಕೊಟ್ಟಿರುತ್ತದೆ. ಬೆಂಗಳೂರಿಗೆ ಕಳಿಸಲು ತಾಯಿಗೆ ಮನಸ್ಸಿಲ್ಲ. 'ಇನ್ಶೂರೆನ್ಸ್ ಏಜೆಂಟ್ ಆಗ್ತೀನಪ್ಪ' ಎಂದು ಮಗ ಹೇಳಿದರೆ, 'ಅದೂ ಒಂದು ಕೆಲ್ಸವಾ? ನಾಳೆಯಿಂದ ನೆಂಟರೆಲ್ಲ ನಮ್ಮನ್ನ ಕಂಡು ದಾರಿ ಬದಲಾಯಿಸ್ತಾರೆ' ಎಂದು ತಂದೆ ಪತ್ರಿಕೆಯತ್ತ ತಿರುಗುತ್ತಾರೆ.

ತಂದೆಯ ಅಳುಕಿನಲ್ಲಿ ಅರ್ಥವಿಲ್ಲದಿಲ್ಲ. ಮೊದಲ ವರ್ಷ ಚಿಕ್ಕಪ್ಪ, ಸೋದರಮಾವ, ಹಳೆಯ ಮೇಷ್ಟ್ರು ಎಲ್ಲರಿಗೂ ಒಂದೊಂದು ಪಾಲಿಸಿ ಮಾಡಿಸಿ, ಎರಡನೆಯ ವರ್ಷ ಯಾರ ಬಾಗಿಲು ತಟ್ಟುವುದೆಂದು ತಿಳಿಯದೆ ಕೈಬಿಟ್ಟವರು ಪ್ರತಿ ಊರಿನಲ್ಲೂ ಸಿಗುತ್ತಾರೆ. ಆದರೆ ಅಪ್ಪ, ಮಗ ಇಬ್ಬರೂ ಕೇಳಬೇಕಾದ ಪ್ರಶ್ನೆ ಇನ್ನೊಂದಿದೆ. ಏಜೆಂಟ್ ಎಂದರೆ ಯಾರ ಏಜೆಂಟ್?

ಹಿಂದೆ ಈ ಪ್ರಶ್ನೆಯೇ ಇರಲಿಲ್ಲ. 1956ರ ಸೆಪ್ಟೆಂಬರ್ 1ರಂದು 245 ವಿಮಾ ಸಂಸ್ಥೆಗಳು ಸೇರಿ ಜೀವ ವಿಮಾ ನಿಗಮವಾಯಿತು. (ಅದಾದ ಎರಡು ತಿಂಗಳಿಗೆ, ನವೆಂಬರ್ 1ರಂದು, ಕೊಳ್ಳೇಗಾಲ ಸೀಮೆ ಕೊಯಮತ್ತೂರು ಜಿಲ್ಲೆಯನ್ನು ಬಿಟ್ಟು ಮೈಸೂರು ರಾಜ್ಯಕ್ಕೆ ಬಂತು!) ಅಲ್ಲಿಂದ ನಾಲ್ಕು ದಶಕ ಜೀವ ವಿಮೆ ಎಂದರೆ ಎಲ್‌ಐಸಿ. 1999ರ ಕಾಯ್ದೆಯ ನಂತರ, 2000ದಿಂದ, ಖಾಸಗಿ ಕಂಪೆನಿಗಳು ಬಂದವು. ಬಾಗಿಲುಗಳು ಹಲವಾದವು, ಗೊಂದಲವೂ ಹೆಚ್ಚಿತು.

ಈಗ ಏಜೆಂಟರನ್ನು ನೇಮಿಸುವುದು ವಿಮಾ ಕಂಪೆನಿಯೇ. ಮೊದಲು ವಿಮಾ ನಿಯಂತ್ರಣ ಪ್ರಾಧಿಕಾರದ ಲೈಸೆನ್ಸ್ ಬೇಕಿತ್ತು; 2015ರ ತಿದ್ದುಪಡಿ ಅದನ್ನು ತೆಗೆಯಿತು. ಐಸಿ-38 ಎಂಬ ಪರೀಕ್ಷೆ ಪಾಸಾಗಬೇಕು. ಅದನ್ನು ಕನ್ನಡದಲ್ಲೂ ಬರೆಯಬಹುದು. ಹತ್ತನೇ ತರಗತಿ ಪಾಸಾಗಿ ಹದಿನೆಂಟು ತುಂಬಿದವರಿಗೆ ಅದೇನೂ ಬೆಟ್ಟವಲ್ಲ. ಬೆಟ್ಟ ಇರುವುದು ಮುಂದೆ. 2016ರ ನಿಯಮದಂತೆ ಒಬ್ಬ ಏಜೆಂಟ್ ಒಂದು ಜೀವ ವಿಮಾ ಕಂಪೆನಿ, ಒಂದು ಸಾಮಾನ್ಯ ವಿಮಾ ಕಂಪೆನಿ, ಒಂದು ಆರೋಗ್ಯ ವಿಮಾ ಕಂಪೆನಿಯ ಪಾಲಿಸಿಗಳನ್ನಷ್ಟೇ ಮಾರಬಹುದು. ಒಂದೇ ಬಗೆಯ ಎರಡು ಕಂಪೆನಿ ಕೂಡದು. ಬ್ಯಾಂಕಿನಂಥ ಸಂಸ್ಥೆ ಏಜೆಂಟಾದರೆ ಪ್ರತಿ ಬಗೆಯಲ್ಲೂ ಒಂಬತ್ತು ಕಂಪೆನಿಗಳ ತನಕ ಸೇರಿಸಿಕೊಳ್ಳಬಹುದೆಂದು 2022ರಲ್ಲಿ ನಿಯಮವಾಯಿತು. ಸೈಕಲ್ಲಿನಲ್ಲಿ ಓಡಾಡುವವನಿಗೆ ಒಂದು, ಕೌಂಟರಿನಲ್ಲಿ ಕುಳಿತವರಿಗೆ ಒಂಬತ್ತು!

ಎಲ್‌ಐಸಿಯಲ್ಲಿ ಸೇರುವ ದಾರಿ ಹಳೆಯದು. ಶಾಖೆಯ ಡೆವಲಪ್‌ಮೆಂಟ್ ಆಫೀಸರ್ ಒಬ್ಬರ ಕೈಕೆಳಗೆ ಹುಡುಗ ಸೇರುತ್ತಾನೆ. ಅವರು ಒಳ್ಳೆಯವರಾದರೆ ಜೊತೆಗೆ ನಾಲ್ಕು ಮನೆಗೆ ಬಂದು ಮಾತು ಕಲಿಸುತ್ತಾರೆ, ಕ್ಲೇಮು ಬಂದಾಗ ಕಾಗದಪತ್ರ ತಿದ್ದುತ್ತಾರೆ. ಈ ವೃತ್ತಿಯಲ್ಲಿ ಕಂಪೆನಿಯ ಹೆಸರಿನಷ್ಟೇ, ಕೆಲವೊಮ್ಮೆ ಅದಕ್ಕಿಂತ ಹೆಚ್ಚಾಗಿ, ಕಲಿಸುವವರು ಮುಖ್ಯ. ಆದ್ದರಿಂದ ಸೇರುವ ಮೊದಲು ಅವರ ಕೈಕೆಳಗೆ ಐದು ವರ್ಷ ಉಳಿದ ಏಜೆಂಟರು ಎಷ್ಟು ಮಂದಿ ಎಂದು ವಿಚಾರಿಸುವುದು ಮರ್ಯಾದೆಗೇಡೇನಲ್ಲ.

ಒಂದೇ ಕಂಪೆನಿ ಸಾಲದು ಎನ್ನುವವರಿಗೆ ಇನ್ನೊಂದು ದಾರಿ ಬ್ರೋಕರ್ ಸಂಸ್ಥೆ. ಲೈಸೆನ್ಸ್ ಪಡೆದ ಬ್ರೋಕರ್ ಹಲವು ಕಂಪೆನಿಗಳ ಪಾಲಿಸಿ ಕೊಡಿಸಬಹುದು. ಅಂಥ ಸಂಸ್ಥೆಯ ಅಡಿಯಲ್ಲಿ 'ಪಾಯಿಂಟ್ ಆಫ್ ಸೇಲ್ಸ್ ಪರ್ಸನ್' ಆಗಲು 2015ರಲ್ಲಿ ಅವಕಾಶವಾಯಿತು. ಹತ್ತನೇ ತರಗತಿ, ಹದಿನೈದು ಗಂಟೆಗಳ ತರಬೇತಿ, ಒಂದು ಪರೀಕ್ಷೆ. ಬೈಕು, ಕಾರಿನ ವಿಮೆಯಂಥ ಸರಳ ಪಾಲಿಸಿಗಳನ್ನು ಬೇರೆ ಬೇರೆ ಕಂಪೆನಿಗಳಿಂದ ಹೋಲಿಸಿ ಮಾರಬಹುದು. ಮಲೆ ಮಹದೇಶ್ವರ ಬೆಟ್ಟದ ದಾರಿಯಲ್ಲಿ ಓಡುವ ಬೈಕುಗಳನ್ನು ನೋಡಿದರೆ ಗಿರಾಕಿಗೆ ಬರವಿಲ್ಲ ಎನಿಸುತ್ತದೆ. ಮೂರನೆಯವರ ಹಾನಿಗೆ ವಿಮೆ ಕಾನೂನಿನಂತೆ ಕಡ್ಡಾಯ ಬೇರೆ.

ಅಮೆರಿಕದಲ್ಲಿ ಈ ಪದ್ಧತಿ ಹಳೆಯದು. ಅಲ್ಲಿ ಸ್ವತಂತ್ರ ಏಜೆಂಟ್ ಎಷ್ಟು ಕಂಪೆನಿಗಳ ಪಾಲಿಸಿಯನ್ನಾದರೂ ಮಾರಬಹುದು, ಆದರೆ ಪ್ರತಿ ಕಂಪೆನಿಯೂ ಅವನನ್ನು ನೇಮಿಸಿಕೊಳ್ಳಬೇಕು. ಸಣ್ಣ ಊರಿನ ಹೊಸಬನನ್ನು ದೊಡ್ಡ ಕಂಪೆನಿಗಳು 'ವರ್ಷಕ್ಕೆ ಎಷ್ಟು ಪ್ರೀಮಿಯಂ ತರುತ್ತೀಯೆ?' ಎಂದು ಕೇಳಿ ಹಿಂದಕ್ಕೆ ಕಳಿಸುತ್ತವೆ. ಆದ್ದರಿಂದ ಸಣ್ಣ ಏಜೆಂಟರು ಒಕ್ಕೂಟಗಳನ್ನು ಸೇರುತ್ತಾರೆ. ಎಲ್ಲರ ವ್ಯವಹಾರ ಒಟ್ಟುಗೂಡಿಸಿ ಒಕ್ಕೂಟ ಬಾಗಿಲು ತೆರೆಸುತ್ತದೆ, ಕಮಿಷನ್ನಿನಲ್ಲಿ ಪಾಲು ತೆಗೆದುಕೊಳ್ಳುತ್ತದೆ. ಜಗಳ ಬರುವುದು ಬಿಟ್ಟು ಹೊರಡುವಾಗ. ಹತ್ತು ವರ್ಷ ತಾನೇ ಓಡಾಡಿ ಗಳಿಸಿದ ಗಿರಾಕಿಗಳು ತನ್ನವರೋ ಒಕ್ಕೂಟದವರೋ? ಉತ್ತರ ಒಪ್ಪಂದದ ಯಾವುದೋ ಒಂದು ಸಾಲಿನಲ್ಲಿರುತ್ತದೆ.

ನಮ್ಮ ಹುಡುಗರೂ ಓದಬೇಕಾದದ್ದು ಆ ಸಾಲನ್ನೇ. ಬ್ರೋಕರ್ ಸಂಸ್ಥೆಯ ಮೂಲಕ ಮಾರಿದ ಪಾಲಿಸಿ ಆ ಸಂಸ್ಥೆಯ ಲೆಕ್ಕದಲ್ಲಿರುತ್ತದೆ. ಬಿಟ್ಟು ಬಂದರೆ ಮುಂದಿನ ವರ್ಷದ ಕಮಿಷನ್ ಯಾರಿಗೆ, ಮೊದಲೇ ಕಟ್ಟಬೇಕಾದ ಶುಲ್ಕವಿದೆಯೇ, ಹಣ ಯಾವ ತಿಂಗಳು ಕೈಸೇರುತ್ತದೆ ಎಂಬುದನ್ನು ಬರವಣಿಗೆಯಲ್ಲೇ ಕೇಳಬೇಕು. ಮೊಬೈಲಿನಲ್ಲಿ 'ಒಪ್ಪಿದೆ' ಎಂದು ಒತ್ತಿದ ಮೇಲೆ ಕೇಳಿ ಫಲವಿಲ್ಲ.

ಆದಾಯದ ಲೆಕ್ಕವನ್ನು ಪಾಲಕರು ಎದುರಿಗೆ ಕೂತು ಹಾಕಲಿ. ಎಲ್‌ಐಸಿಯಲ್ಲಿ ಬಹುಕಾಲ ನಡೆದುಬಂದ ದರದಲ್ಲಿ ದೀರ್ಘಾವಧಿಯ ಪಾಲಿಸಿಗೆ ಮೊದಲ ವರ್ಷ ಶೇ 25, ಮುಂದಿನ ಎರಡು ವರ್ಷ ಶೇ 7.5, ಆಮೇಲೆ ಶೇ 5; ಬೋನಸ್ ಬೇರೆ. 20,000 ರೂಪಾಯಿ ಪ್ರೀಮಿಯಮ್ಮಿಗೆ ಮೊದಲ ವರ್ಷ 5,000, ಎರಡನೆಯ ವರ್ಷ 1,500. 2024ರ ಅಕ್ಟೋಬರಿನಲ್ಲಿ ಮೊದಲ ವರ್ಷದ ಪಾಲು ಇಳಿಯಿತು, ಮುಂದಿನ ವರ್ಷಗಳದ್ದು ಏರಿತು. ಎಂದರೆ ಪಾಲಿಸಿ ಮಾಡಿಸಿ ಮರೆತವನಿಗಿಂತ ಅದನ್ನು ನಡೆಸಿಕೊಂಡು ಹೋದವನಿಗೆ ಲಾಭ. 'ಮೊದಲ ಕಂತು ನಾನೇ ಕಟ್ಟುತ್ತೇನೆ' ಎಂದು ಗಿರಾಕಿಗೆ ಆಸೆ ತೋರಿಸುವವರಿದ್ದಾರೆ. ಕಮಿಷನ್ನಿನಲ್ಲಿ ಪಾಲು ಕೊಡುವುದು 1938ರ ವಿಮಾ ಕಾಯ್ದೆಯ 41ನೇ ಕಲಮಿನಂತೆ ಅಪರಾಧ. ಹತ್ತು ಲಕ್ಷ ರೂಪಾಯಿಯ ತನಕ ದಂಡವಿದೆ.

ಪಾಲಿಸಿ ನಡೆಸಿಕೊಂಡು ಹೋಗುವ ವಿದ್ಯೆ ಪುಸ್ತಕದಲ್ಲಿಲ್ಲ, ಊರಿನಲ್ಲಿದೆ. ರೇಷ್ಮೆ ಬೆಳೆಯುವವರ ಕೈಗೆ ದುಡ್ಡು ಬರುವುದು ಗೂಡು ಮಾರಿದಾಗ. ಅರಿಸಿನದವರಿಗೆ, ಕಬ್ಬಿನವರಿಗೆ ವರ್ಷಕ್ಕೊಮ್ಮೆ. ತಿಂಗಳ ಕಂತು ಹಾಕಿಸಿದರೆ ಗಡುವಿನ ನಂತರ ಸಿಗುವುದು 15 ದಿನ; ಮೂರು ತಿಂಗಳ, ಆರು ತಿಂಗಳ, ವರ್ಷದ ಕಂತಿಗಾದರೆ 30 ದಿನ. ಕಂತು ಯಾವಾಗ ಬೀಳಬೇಕೆಂದು ಬೆಳೆ ನೋಡಿ ಗೊತ್ತುಮಾಡುವ ಏಜೆಂಟನ ಪಾಲಿಸಿಗಳು ಲ್ಯಾಪ್ಸ್ ಆಗುವುದು ಕಡಿಮೆ. ಮೈಸೂರಿನಿಂದ ಫೋನ್ ಮಾಡುವವರಿಗೆ ಈ ಲೆಕ್ಕ ತಿಳಿಯದು.

ಊರನ್ನು ಅರಿತು ವಿಮೆ ತಂದವರ ಉದಾಹರಣೆ ಇಲ್ಲೇ ಇದೆ. ಯಳಂದೂರಿನಲ್ಲಿ 1986ರಲ್ಲಿ ಕುಷ್ಠರೋಗ ನಿಯಂತ್ರಣದ ಕೆಲಸ ಹಿಡಿದ ಕರುಣಾ ಟ್ರಸ್ಟ್, 2002ರಲ್ಲಿ ನ್ಯಾಷನಲ್ ಇನ್ಶೂರೆನ್ಸ್ ಕಂಪೆನಿಯೊಡನೆ ನೆರೆಯ ತಿ. ನರಸೀಪುರ ತಾಲೂಕಿನಲ್ಲಿ ಬಡವರಿಗೆ ಆರೋಗ್ಯ ವಿಮೆ ಶುರು ಮಾಡಿತು. ಆಸ್ಪತ್ರೆಯಲ್ಲಿ ಮಲಗಿದ ದಿನಗಳ ಕೂಲಿ ನಷ್ಟಕ್ಕೂ ಅದರಲ್ಲಿ ಹಣವಿತ್ತು. ಕೂಲಿಯವರ ಕಷ್ಟ ಬಲ್ಲವರಿಗಷ್ಟೇ ಅದು ಹೊಳೆಯಬಲ್ಲದು. 2005ರ ಕಿರು ವಿಮಾ ನಿಯಮ ಸ್ವಸಹಾಯ ಸಂಘಗಳಿಗೂ ಏಜೆಂಟರಾಗುವ ದಾರಿ ತೆರೆಯಿತು.

ಹೆಣ್ಣುಮಕ್ಕಳಿಗೆ ಒಂದು ಮಾತು. 2024ರ ಡಿಸೆಂಬರಿನಲ್ಲಿ ಆರಂಭವಾದ ಎಲ್‌ಐಸಿಯ 'ಬಿಮಾ ಸಖಿ' ಯೋಜನೆಯಲ್ಲಿ ಹತ್ತನೇ ತರಗತಿ ಪಾಸಾದ 18ರಿಂದ 70 ವರ್ಷದ ಮಹಿಳೆಯರಿಗೆ ಮೂರು ವರ್ಷ ಮಾಸಿಕ ಭತ್ಯೆಯುಂಟು: ಮೊದಲ ವರ್ಷ 7,000, ಎರಡನೆಯ ವರ್ಷ 6,000, ಮೂರನೆಯ ವರ್ಷ 5,000 ರೂಪಾಯಿ. ಇದು ಸಂಬಳವಲ್ಲ. ವರ್ಷಕ್ಕೆ 24 ಮಂದಿಗೆ ವಿಮೆ ಮಾಡಿಸಬೇಕು, ಮಾಡಿಸಿದ್ದರಲ್ಲಿ ಶೇ 65ರಷ್ಟಾದರೂ ಮುಂದಿನ ವರ್ಷ ಚಾಲ್ತಿಯಲ್ಲಿರಬೇಕು. ನೆಂಟರ ಪಟ್ಟಿ ಎಷ್ಟು ಉದ್ದವಿದ್ದರೂ 24ಕ್ಕೆ ಮುಗಿಯಬಹುದು. ಇಪ್ಪತ್ತೈದನೆಯ ಮನೆ ಯಾವುದೆಂದು ಅರ್ಜಿ ತುಂಬುವ ಮೊದಲೇ ತಾಯಿ, ಮಗಳು ಕೂತು ಯೋಚಿಸಬೇಕಾಗುತ್ತದೆ.