ಸ್ಟಾರ್ ಹೋಟೆಲ್‌ಗೆ ಹೋಗೂದಾದ್ರ ನಮ್ಮ ಸೀರಿ, ನಮ್ಮ ಚಪ್ಪಲಿ

ಲಗ್ನಸರಾಯಿ ಬಂತಂದ್ರ ನಮ್ಮ ಕಡೆ ಮದಲ "ಕಾರ್ಯಾಲಯ ಯಾವ್ದು?" ಅಂತ ಕೇಳ್ತಿದ್ರು. ಈಗ "ಹೋಟೆಲ್ ಯಾವ್ದು?" ಅಂತ ಕೇಳ್ತಾರ. ಚಿಕ್ಕೋಡಿ, ರಾಯಬಾಗ, ಕಾಗವಾಡದ ಮಂದಿನೂ ಬೆಳಗಾವಿ, ಕೊಲ್ಲಾಪುರದ ದೊಡ್ಡ ಹೋಟೆಲ್ ಹಿಡ್ಯಾಕತ್ತಾರ. ರೊಕ್ಕ ಇದ್ದವ್ರು ಗೋವಾಕ್ಕ ಹೊಂಟಾರ. ಪತ್ರಿಕಿ ಜೋಡಿ ಫೋನಿಗೆ ಇನ್ನೊಂದು ಚೀಟಿ ಬರ್ತೈತಿ: ಅರಿಷಿಣಕ್ಕ ಹಳದಿ, ಸಂಗೀತಕ್ಕ ತಿಳಿ ಬಣ್ಣ, ರಿಸೆಪ್ಶನ್‌ಗೆ ವೆಸ್ಟರ್ನ್. ಅದನ್ನ ಓದಿದ ಕೂಡ್ಲೆ ನಮ್ಮ ಹೆಣ್ಮಕ್ಕಳ ಎದಿ ಡವಡವ ಅಂತೈತಿ.

ಅಕ್ಕಾರು, ವೈನ್ಯಾರು, ಕಾಕುಗೋಳು ಎಲ್ಲಾರಿಗೂ ನನ್ನ ಮಾತು ಇಷ್ಟ. ಅಂಥಾ ಹೋಟೆಲ್‌ಗೆ ಹೋಗ್ರಿ, ಛಲೋ ಉಣ್ರಿ, ಫೋಟೋ ತಗಸ್ರಿ. ಆದ್ರ ಹೋಗೂಮುಂದ ನಿಮ್ಮತನ ಮನ್ಯಾಗ ಇಟ್ಟು ಹೋಗಬ್ಯಾಡ್ರಿ. ಇಳಕಲ್ ಸೀರಿ, ಗುಳೇದಗುಡ್ಡದ ಖಣದ ಕುಬಸ, ಅಥಣಿ ಚಪ್ಪಲಿ ಹಾಕ್ಕೊಂಡು ಆ ಸಂಗಮರವರಿ ಫರಸಿ ಮ್ಯಾಲ ನಡದ್ರ ಏನೂ ಕಡಿಮಿ ಆಗೂದಿಲ್ಲ.

ಯಾಕ ಹೇಳ್ತೇನಂದ್ರ, ಹೋದ ವರ್ಷ ನಮ್ಮ ಬೀಗರ ಪೈಕಿ ಒಬ್ಬ ಆಯಿ ಮೊಮ್ಮಗನ ರಿಸೆಪ್ಶನ್‌ಗೆ ಹೋಗ್ಲೇ ಇಲ್ಲ. ಆಕಿ ಜನ್ಮಪೂರ್ತಿ ಕಚ್ಚಿ ಸೀರಿ ಉಟ್ಟಾಕಿ. "ಆಯಿ, ಅಲ್ಲೆ ಗೌನ್ ಹಾಕಿದ ಮಂದಿ ಬರ್ತಾರ, ನಿನಗ ಹೊಂದೂದಿಲ್ಲ" ಅಂತ ಮನಿಯವ್ರ ಹೇಳಿದ್ರಂತ. ಹೋಟೆಲಿನವ್ರು ಬ್ಯಾಡ ಅಂದಿರ್ಲಿಲ್ಲ, ಅವ್ರನ್ನ ಯಾರೂ ಕೇಳೂಕೂ ಹೋಗಿರ್ಲಿಲ್ಲ. ಬಾಗಲದಾಗ ನಿಂತ ವಾಚಮನ್‌ಗಿಂತ ಮದಲ ನಮ್ಮ ಮನಿಯವ್ರ ನಮ್ಮನ್ನ ತಡೀತಾರ. ಹೊಟ್ಟಿ ಉರಿಯೂದು ಅದಕ್ಕ.

ಈಗ ಆ ಹೋಟೆಲಿನ ಒಳಗ ನೋಡ್ರಿ. ಮುಂಬೈದ ತಾಜಮಹಲ್ ಹೋಟೆಲ್ ಶುರು ಆಗಿದ್ದು 1903ರಾಗ. ದೇಶದಾಗ ದೊಡ್ಡ ಹೋಟೆಲ್ ಅಂದ್ರ ಎಲ್ಲಾರ ಬಾಯಾಗ ಬರೂದು ಅದ. ಆ ತಾಜ್ ಕಂಪನಿ ಹೋಟೆಲಿನ್ಯಾಗ ಕೌಂಟರ್ ಮುಂದ ನಿಂತು ನಮಸ್ಕಾರ ಮಾಡೂ ಹೆಣ್ಮಕ್ಕಳು ಉಡೂದು ಬನಾರಸಿ ಸೀರಿ. ಅವನ್ನ ಕಾಶಿ ಹತ್ರದ ಸರಾಯ್ ಮೋಹನಾ ಅನ್ನೋ ಹಳ್ಳಿ ನೇಕಾರರ ಕಡೆ ನೇಯ್ಸಿದ್ರು. ಇನ್ನ ಎಷ್ಟೋ ಹೋಟೆಲಿನ ಬಾಗಲದಾಗ ನಿಂತಾವನ ತಲಿ ಮ್ಯಾಲ ದೊಡ್ಡ ಪೇಟಾ ಇರ್ತೈತಿ. ನಮ್ಮ ಅಜ್ಜನ ರುಮಾಲ "ಹಳೀದಾತು" ಅಂತ ತಗಸಿ, ಬಾಗಲಾ ತಗ್ಯಾವನ ಪೇಟಾದ ಮುಂದ ಸೆಲ್ಫಿ ಹಿಡೀತೇವಿ. ದೊಡ್ಡ ಹೋಟೆಲ್‌ಗೆ ಗೊತ್ತೈತಿ, ಬಂದ ಮಂದಿಗೆ ಇಲ್ಲಿಂದಾದ್ದನ್ನ ತೋರಿಸಿದ್ರನ ಕಿಮ್ಮತ್ತು ಅಂತ. ನಮಗ ಅದು ಯಾವಾಗ ಗೊತ್ತಾಗೂದು?

ಚಪ್ಪಲಿ ವಿಷಯಕ್ಕ ಬರೂಣು. ಜಗತ್ತೆಲ್ಲಾ ಕೊಲ್ಲಾಪುರಿ ಅನ್ನೂ ಚಪ್ಪಲಿ ನಮ್ಮ ಅಥಣಿ, ನಿಪ್ಪಾಣಿ, ರಾಯಬಾಗ, ಚಿಕ್ಕೋಡಿ ಕಡೆ ಮನಿಮನ್ಯಾಗ ಮಾಡ್ತಾರ. 2019ರಾಗ ಇದಕ್ಕ ಜಿಐ ಗುರುತು ಸಿಕ್ತು. ಮಹಾರಾಷ್ಟ್ರದ ನಾಕು ಜಿಲ್ಲಾ, ನಮ್ಮ ರಾಜ್ಯದ ನಾಕು ಜಿಲ್ಲಾ: ಬೆಳಗಾವಿ, ಬಾಗಲಕೋಟಿ, ಧಾರವಾಡ, ವಿಜಯಪುರ. ಹೆಸರು ಕೊಲ್ಲಾಪುರದ್ದಾದ್ರೂ ಹಕ್ಕು ಎರಡೂ ಕಡೀದು.

2025ರ ಜೂನ್ ತಿಂಗಳದಾಗ ಇಟಲಿಯ ಮಿಲಾನ್ ಊರಾಗ ಪ್ರಾಡಾ ಅನ್ನೋ ಭಾರಿ ಕಂಪನಿ ತನ್ನ ಫ್ಯಾಷನ್ ಶೋದಾಗ ಥೇಟ್ ಇಂಥಾ ಚಪ್ಪಲಿ ಹಾಕಿಸಿ ಹುಡುಗರನ್ನ ನಡಿಸ್ತು. ಹೆಸರು ಹೇಳ್ಲಿಲ್ಲ, ಬರೇ ಚರ್ಮದ ಸ್ಯಾಂಡಲ್ ಅಂದ್ರು. ನಮ್ಮ ಮಂದಿ ದಂಗೆ ಎದ್ದ ಮ್ಯಾಲ ಇದು ಭಾರತದ ಕೈಕಸಬಿನಿಂದ ಬಂದದ್ದು ಅಂತ ಒಪ್ಪಿಕೊಂಡ್ರು. ಮುಂದ ಡಿಸೆಂಬರದಾಗ ನಮ್ಮ ಲಿಡ್ಕರ್, ಮಹಾರಾಷ್ಟ್ರದ ಲಿಡ್ಕಾಂ ಜೋಡಿ ಕರಾರ ಮಾಡಿಕೊಂಡು 2,000 ಜೋಡಿ ಇಲ್ಲೇ ಮಾಡಿಸ್ತೇವಿ ಅಂದ್ರು. ಒಂದು ಜೋಡಿಗೆ ಸುಮಾರು 800 ಯೂರೋ, ನಮ್ಮ ರೊಕ್ಕದಾಗ 80 ಸಾವಿರದ ಮ್ಯಾಲ. ಅಂಥಾ ಚಪ್ಪಲಿ ಹಾಕ್ಕೊಂಡು ಯಾರರ ಫೈವ್ ಸ್ಟಾರ್ ಹೋಟೆಲಿಗೆ ಬಂದ್ರ ಎಲ್ಲಾರೂ ಹೊಳ್ಳಿ ನೋಡ್ತಾರ. ಅಥಣ್ಯಾಕಿ ಅದನ್ನ ಹಾಕ್ಕೊಂಡು ಬಂದ್ರ ಯಾಕ ನಾಚಿಕಿ?

ಇಲ್ಲೆ ಒಂದು ಕಹಿ ಮಾತು ಹೇಳಬೇಕ. ಈ ಚಪ್ಪಲಿ ಸುಮ್ನ ಆಗೂದಿಲ್ಲ. ಬಾಬಳಿ ತೊಗಟಿ, ಅಳಲಿಕಾಯಿ ಹಾಕಿ ಚರ್ಮ ಹದಾ ಮಾಡಬೇಕ. ತಳಕ್ಕ ಎಮ್ಮಿ ಚರ್ಮ, ಮ್ಯಾಲಿನ ಹೆಣಿಗಿಗೆ ಆಡಿನ ಚರ್ಮ. ಮೊಳಿ ಹೊಡಿಯೂದಿಲ್ಲ, ಚರ್ಮದ ದಾರದಾಗನ ಹೊಲೀತಾರ. ತಳಾ ಕೊಯ್ಯೂದು ಹೆಚ್ಚಾಗಿ ಗಂಡಸರು, ಹೆಣೆಯೂದು, ಹೊಲಿಯೂದು, ಹೂವಿನ ಚಿತ್ತಾರ ತಗಿಯೂದು ಮನಿ ಹೆಣ್ಮಕ್ಕಳು. ಅಥಣ್ಯಾಗ ಟೋಹೋಲ್ಡ್ ಅಂತ ಹೆಣ್ಮಕ್ಕಳ ಸ್ವಸಹಾಯ ಸಂಘಗಳು ಕೂಡಿ, ತಮ್ಮ ಹೆಸರಿನ್ಯಾಗ ಪರದೇಶಕ್ಕ ಮಾಲ ಕಳಿಸಿ ತೋರಿಸ್ಯಾರ. ಆದ್ರ ನಾವು ಪ್ಯಾಟ್ಯಾಗ ಸಾವಿರ ಅಂದ್ರ "ಏಳ್ನೂರಕ್ಕ ಕೊಡ್ರಿ" ಅಂತ ತಾಸಗಟ್ಲೆ ಚೌಕಾಶಿ ಮಾಡ್ತೇವಿ. ಹೋಟೆಲಿನ್ಯಾಗ ಮುನ್ನೂರ ರೂಪಾಯಿ ಚಾಕ್ಕ ಬಾಯಿ ಮುಚಗೊಂಡು ಕೊಡ್ತೇವಿ. ಚಪ್ಪಲಿ ಬೇಕ, ಅದನ್ನ ಮಾಡಿದ ಸಮಗಾರ ಮನಿತನದ ಅಕ್ಕ ನಮ್ಮ ಪಂಕ್ತಿಯಾಗ ಕುಂತ್ರ ಮಾರಿ ಸಣ್ಣದಾಗ್ತೈತಿ. ಈ ಮನಸ ಹೋಗದ ಬರೇ "ನಮ್ಮ ಸಂಸ್ಕೃತಿ" ಅಂತ ಹೇಳಿದ್ರ ಸುಳ್ಳು.

"ದೊಡ್ಡ ಹೋಟೆಲಿನ್ಯಾಗ ನಮ್ಮ ವೇಷ ನಡೀತೈತೇನ?" ಅನ್ನಾಕಿಗೆ ಉಷಾ ಉತ್ತುಪ್ ಅವ್ರನ್ನ ತೋರಿಸ್ತೇನಿ. 1969ರಾಗ ಮದ್ರಾಸಿನ ನೈನ್ ಜೆಮ್ಸ್ ನೈಟ್ ಕ್ಲಬ್‌ನಾಗ ಹಾಡಾಕ ನಿಂತಾಗ ಕಾಂಜೀವರಂ ಸೀರಿ ಉಟ್ಟಿದ್ರು. ಆ ಕಾಲಕ್ಕ ಅಂಥಲ್ಲೆ ಇಂಗ್ಲಿಷ್ ಹಾಡೋವ್ರು ಗೌನ್ ಹಾಕೂದ ರಿವಾಜ. ಮುಂದ ಕಲಕತ್ತಾದ ಟ್ರಿಂಕಾಸ್, ದಿಲ್ಲಿಯ ಒಬೆರಾಯ್ ಹೋಟೆಲ್ ಎಲ್ಲಾ ಕಡೆ ಅದ ಸೀರಿ, ಅದ ದೊಡ್ಡ ಕುಂಕುಮ, ಅದ ಬಳಿ, ಅದ ದಪ್ಪ ಧ್ವನಿ. ಯಾರೂ ಹೊರಗ ಹಾಕ್ಲಿಲ್ಲ. 2024ರಾಗ ಪದ್ಮಭೂಷಣ ಬಂತು. ಫರಸಿ ಮ್ಯಾಲ ಜಾರತೈತಿ ಅನ್ನೋ ಚಿಂತಿ ಇದ್ರ ಅದಕ್ಕೂ ಅವ್ರ ಕಡೆ ಉತ್ತರ ಐತಿ: ಸೀರಿ ಅಂಚು ಹಚ್ಚಿದ ಕ್ಯಾನ್ವಾಸ್ ಬೂಟ ಹಾಕ್ಕೋತಾರ! ಶೈಲಿ ಅಂದ್ರ ಇದ, ತನಗೇನ ಹೊಂದತೈತಿ ಅನ್ನೂದು ಗೊತ್ತಿರಬೇಕ.

ಬಾಜಾ ಬಜಂತ್ರಿದೂ ಇದ ಕತಿ. ಹೋಟೆಲ್ ಅಂದ ಕೂಡ್ಲೆ ಡೀಜೆ. ಎದಿ ಒಡಿಯೂ ಹಂಗ ಬಾರಿಸ್ತಾರ, ಮಗ್ಗಲದಾಗ ಕುಂತ ಅತ್ಯಾ ಏನಂದ್ಲು ಕೇಳೂದಿಲ್ಲ. ದೊಡ್ಡ ಹೋಟೆಲಿನ ಹಳೆ ಇತಿಹಾಸ ಹಂಗಿಲ್ರಿ. 1935ರಾಗ ತಾಜ್ ಹೋಟೆಲ್‌ಗೆ ಅಮೇರಿಕಾದಿಂದ ಲಿಯಾನ್ ಅಬ್ಬಿ ಅನ್ನೋ ಪಿಟೀಲು ವಾದಕರು ತಮ್ಮ ತಂಡ ತಗೊಂಡು ಬಂದು ಜಾಝ್ ಬಾರಿಸಿದ್ರು. ಅದನ್ನ ಕೇಳಿ ಕಲ್ತ ಗೋವಾದ ಕಲಾವಿದರು, ಚಿಕ್ ಚಾಕೊಲೇಟ್ ಅಂಥವ್ರು, ಹಿಂದಿ ಸಿನೆಮಾಕ್ಕ ಹೋದ್ರು. ನಮ್ಮ ಅವ್ವಂದಿರು ರೇಡಿಯೋದಾಗ ಕೇಳಿದ ಎಷ್ಟೋ ಹಾಡಿನ ತುತ್ತೂರಿ ಆ ಹೋಟೆಲಿನ ದಾರಿಲೇ ಬಂದದ್ದು. ಜೀವಂತ ಮನುಷ್ಯಾ ಕುಂತು ಬಾರಿಸಿದ್ದಕ್ಕ ಅದು ಉಳೀತು.

ನಮ್ಮ ಕಡೆ ಕರಡಿ ಮಜಲಿನವ್ರು ಅದಾರ, ಸನಾದಿ ಊದವ್ರು ಅದಾರ. ಒಂದು ದಿನದ ಡೀಜೆ ರೊಕ್ಕದಾಗ ಇಡೀ ಮೇಳಾ ಬರ್ತೈತಿ. ಬೀಗರನ್ನ ಹೋಟೆಲಿನ ಬಾಗಲದಾಗ ಇದಿರಗೊಳ್ಳಾಕ ಕರಡಿ ಮಜಲು, ಅಕ್ಕಿಕಾಳ ಬೀಳೂಮುಂದ ಸನಾದಿ, ಊಟದ ಹೊತ್ತಿಗೆ ಸಣ್ಣ ಧ್ವನಿಲೇ ನಮ್ಮ ಸುಳೇಭಾವಿಯಾಗ ಹುಟ್ಟಿದ ಕುಮಾರ ಗಂಧರ್ವರ ರೆಕಾರ್ಡ ಹಚ್ಚಿದ್ರ ಸಾಕಲ್ಲ? ಹುಡುಗರ ಕುಣಿತಕ್ಕ ರಾತ್ರಿ ಒಂದು ತಾಸು ಡೀಜೆ ಇರ್ಲಿ, ನಾ ಬ್ಯಾಡ ಅನ್ನೂದಿಲ್ಲ. ಅವ್ರ ಹೌಸಿಗೂ ಜಾಗ ಬೇಕ.

ಅಂಥ ಕಡೆ ತಡಿಯೂದ ಇಲ್ಲ ಅಂತಲೂ ಅಲ್ಲ. 1988ರಾಗ ಬರಿಗಾಲಲೇ ಬಂದ್ರು ಅಂತ ಕಲಾವಿದ ಎಂ. ಎಫ್. ಹುಸೇನ್ ಅವ್ರನ್ನ ಮುಂಬೈದ ವಿಲಿಂಗ್ಡನ್ ಕ್ಲಬ್ ಒಳಗ ಬಿಡ್ಲಿಲ್ಲ. 2014ರಾಗ ಮದ್ರಾಸಿನ್ಯಾಗ ಧೋತ್ರ ಉಟ್ಟ ಹೈಕೋರ್ಟ್ ಜಡ್ಜರನ್ನ ಒಂದು ಕ್ರಿಕೆಟ್ ಕ್ಲಬ್‌ನವ್ರು ನಿಲ್ಲಿಸಿದ್ರು, ಅದ ವರ್ಷ ತಮಿಳುನಾಡು ಸರಕಾರ ಹಂಗ ತಡೀಬಾರ್ದು ಅಂತ ಕಾಯಿದೆ ಮಾಡ್ತು. 2024ರ ಜುಲೈದಾಗ ಬೆಂಗಳೂರಿನ ಒಂದು ಮಾಲ್‌ನಾಗ ಹಾವೇರಿ ಕಡೆ ರೈತರೊಬ್ಬರನ್ನ ಧೋತ್ರ ಉಟ್ಟಾರಂತ ತಡದಾಗ, ಸರಕಾರ ಆ ಮಾಲ್‌ಗನ ಏಳು ದಿನ ಬಾಗಲಾ ಹಾಕಿಸ್ತು. ಅಂದ್ರ ಕೇಳವ್ರು ಇದ್ರ ತಡಿಯವ್ರು ಹಿಂದ ಸರೀತಾರ. ನಾವ ನಾಚಿ ಮನ್ಯಾಗ ಕುಂತ್ರ ಯಾವ ಕಾಯಿದೆ ಏನ ಮಾಡ್ತೈತಿ?

ಅದಕ್ಕ ಮುಂದಿನ ಲಗ್ನಕ್ಕ ಹಿಂಗ ಮಾಡೂಣು. ಹೋಟೆಲ್ ಗೊತ್ತುಮಾಡೂಮುಂದನ ಕೇಳ್ರಿ: ಧೋತ್ರ, ಕಚ್ಚಿ ಸೀರಿ, ಚಪ್ಪಲಿಗೆ ತಡಿ ಐತೇನ? ಹೌದು ಅಂದ್ರ ಮುಂಗಡ ಕೊಡಬ್ಯಾಡ್ರಿ. ಬಣ್ಣದ ಚೀಟಿ ಕಳಸ್ರಿ, ಆದ್ರ ಕೆಳಗ "ಹಿರೇರು ತಮಗ ಹಿತಾ ಆಗೂದನ್ನ ಉಡಬೇಕ" ಅಂತ ಒಂದು ಸಾಲು ಬರೀರಿ. ಆಹೇರಕ್ಕ ಬಳಸದ ಬೋಗುಣಿ, ಟಾವೆಲ್ ಬದ್ಲಿ ಅಥಣಿ ಚಪ್ಪಲಿ ಕೊಡ್ರಿ. ಅಳತಿ ಮದಲ ತಗೊಂಡು ಮಾಡಾಕಿಗೆ ಎರಡ ತಿಂಗಳ ಮುಂಚೆ ಹೇಳ್ರಿ, ಆಕಿ ಹೇಳಿದ ರೊಕ್ಕ ಕೊಡ್ರಿ, ಲಗ್ನಕ್ಕೂ ಕರೀರಿ.

ಇಷ್ಟ ಖರ್ಚ ಮಾಡಿ ಹೋಟೆಲ್ ಹಿಡಿಯೂದು ನಮ್ಮವ್ರೆಲ್ಲಾ ಒಂದ ಕಡೆ ಕೂಡಿ ನಗಲಿ ಅಂತ. ಆಯಿನ್ನ ಮನ್ಯಾಗ ಬಿಟ್ಟು, ಹೊಸಾ ಚಪ್ಪಲಿ ಕರ್ ಕರ್ ಅಂದ್ರ ಮಂದಿ ಏನಂತಾರೋ ಅಂತ ಅಂಜಿ ಕುಂತ್ರ, ಆ ರೊಕ್ಕಾ ಸುಮ್ನ ಹಾಳ. ಕರ್ ಕರ್ ಅನ್ಲಿ ಬಿಡ್ರಿ. ಆ ಸಪ್ಪಳ ಬರ್ಲಿ ಅಂತನ ಅದರೊಳಗ ಬೀಜಾ ಇಟ್ಟು ಹೊಲದಿರ್ತಾರ.